ಐದೂವರೆಗೆ ಬಂದವರಿಗೆ ಮಾತ್ರ ಜೆರ್ಸಿಯಾ?

ಹತ್ತನೇ ತರಗತಿಯಲ್ಲಿ ನಾನು ನಮ್ಮ ಶಾಲೆಯ ಕಬಡ್ಡಿ ತಂಡದಲ್ಲಿದ್ದೆ. ಆ ಜಾಗ ನನ್ನದಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ಇಷ್ಟು ವರ್ಷ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಡಿಗ್ರಿ ಮುಗಿಯುತ್ತಾ ಬಂತು, ಕೆಲಸಕ್ಕೆ ಅರ್ಜಿ ಹಾಕುವ ಕಾಲ. ಅರ್ಜಿಯಲ್ಲಿ ‘ಕ್ರೀಡಾ ಸಾಧನೆ’ ಅನ್ನುವ ಕಾಲಂ ಎದುರಿಗೆ ಬಂದಾಗಲೆಲ್ಲ ಆ ಒಂದು ಸಂಜೆ ನೆನಪಾಗುತ್ತದೆ.

ನಮ್ಮದು ಮಾಲೂರು ತಾಲ್ಲೂಕು, ಮಾಸ್ತಿ ಕಡೆಯ ಹಳ್ಳಿ. ಶಾಲೆ ಯಾವುದು, ಮೇಷ್ಟ್ರು ಯಾರು ಅನ್ನುವುದು ಬೇಡ. ಓದುವಾಗ ನಿಮಗೆ ನಿಮ್ಮ ಶಾಲೆಯೇ ನೆನಪಾದರೆ ಅಷ್ಟು ಸಾಕು. ನಮ್ಮ ಪಿ.ಟಿ. ಸರ್‌ಗೆ ಕಬಡ್ಡಿ ಅಂದರೆ ಪ್ರಾಣ. ಬೆಳಿಗ್ಗೆ ಐದೂವರೆಗೆಲ್ಲ ಮೈದಾನದಲ್ಲಿರಬೇಕು. ಎಂಟನೇ ತರಗತಿಯಿಂದ ನಾನು ಒಂದು ದಿನವೂ ತಪ್ಪಿಸಿದವನಲ್ಲ. ಅಂಕಣದ ಕಲ್ಲು ಆಯ್ದಿದ್ದೇನೆ, ನೀರು ಚಿಮುಕಿಸಿದ್ದೇನೆ, ಸುಣ್ಣದಲ್ಲಿ ಗೆರೆ ಎಳೆದಿದ್ದೇನೆ. ಆಟ ಮಾತ್ರ ಸುಮಾರು. ಎಡ ಕಾರ್ನರ್‌ನಲ್ಲಿ ನಿಂತು ರೈಡರ್‌ನ ಕಾಲಿಗೆ ಹಾರಿದರೆ ಹತ್ತರಲ್ಲಿ ಆರು ಸಲ ಕೈಗೆ ಸಿಗುತ್ತಿದ್ದದ್ದು ಮಣ್ಣು.

ಒಂಬತ್ತನೇ ತರಗತಿಯ ನಡುವೆ ಪಕ್ಕದ ಊರಿನಿಂದ ಒಬ್ಬ ಹುಡುಗ ಬಂದು ಸೇರಿದ. ಕುಳ್ಳ, ಮಾತು ಕಮ್ಮಿ. ಅವನೂ ಎಡ ಕಾರ್ನರ್‌ನಲ್ಲೇ ಆಡುತ್ತಿದ್ದ. ಅವನ ಕೈ ಪಾದದ ಗಂಟಿಗೆ ಬಿತ್ತು ಅಂದರೆ ಮುಗಿಯಿತು, ಬಿಡಿಸಿಕೊಂಡು ಹೋದವರನ್ನು ನಾನು ನೋಡಿಲ್ಲ. ಅದು ದಿನಾ ಎರಡು ಹೊತ್ತು ಹಾಲು ಕರೆಯುವ ಕೈ. ಮನೆಯಲ್ಲಿ ಮೂರು ಸೀಮೆಹಸು, ಅಪ್ಪನಿಗೆ ಹುಷಾರಿಲ್ಲ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಮನೆಗೆ ಹೋಗಿ ಮುಖ ತೊಳೆದು ಶಾಲೆಗೆ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಬೆಳಗಿನ ಪ್ರಾಕ್ಟೀಸ್‌ಗೆ ಅವನು ಬಂದದ್ದೇ ಇಲ್ಲ. ಸಂಜೆಯೂ ಅರ್ಧಕ್ಕೇ ಓಡುತ್ತಿದ್ದ.

ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಎರಡು ವಾರ ಇದೆ ಅನ್ನುವಾಗ ಸೆಲೆಕ್ಷನ್ ನಡೆಯಿತು. ಸರ್ ಎರಡು ತಂಡ ಮಾಡಿ ಆಡಿಸಿದರು. ಎದುರಾಬದುರು ತಂಡದಲ್ಲಿ ನಾವಿಬ್ಬರೂ ಅದೇ ಎಡ ಕಾರ್ನರ್. ಅವನು ನಾಲ್ಕು ಜನ ರೈಡರ್‌ಗಳನ್ನು ಕೆಡವಿದ. ನಾನು ಕೆಡವಿದ್ದು ಒಬ್ಬನನ್ನು, ಅದೂ ಅವನೇ ಜಾರಿ ಬಿದ್ದದ್ದು. ಆಮೇಲೆ ಸರ್ ಹನ್ನೆರಡು ಹೆಸರು ಓದಿದರು. ಅದರಲ್ಲಿ ನಾನಿದ್ದೆ, ಅವನಿರಲಿಲ್ಲ. ಯಾರೋ ಮೆಲ್ಲಗೆ ಕೇಳಿದ್ದಕ್ಕೆ ಸರ್ ನನ್ನ ಹೆಗಲ ಮೇಲೆ ಕೈಯಿಟ್ಟು, “ಮೂರು ವರ್ಷದಿಂದ ನನ್ನ ನಂಬಿ ಬಂದಿರೋನು ಇವನು. ನಿನ್ನೆ ಮೊನ್ನೆ ಬಂದೋರಿಗೆ ಜಾಗ ಕೊಟ್ಟರೆ ಇವನ ಮುಖ ಹೆಂಗೆ ನೋಡ್ಲಿ?” ಅಂದರು. ನನಗೆ ಎದೆಯುಬ್ಬಿತು, ಸುಳ್ಳು ಯಾಕೆ ಹೇಳಲಿ. ಅವನು ಏನೂ ಅನ್ನದೆ ಸೈಕಲ್ ಹತ್ತಿದ. ಸಂಜೆ ಹಾಲಿನ ಹೊತ್ತಾಗಿತ್ತು.

ಹೋಬಳಿಯಲ್ಲಿ ಗೆದ್ದೆವು, ತಾಲ್ಲೂಕಿನಲ್ಲಿ ಸೋತೆವು. ಅವನಿದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ಹೇಳಲಾರೆ. ಸೋತಿದ್ದು ನನ್ನೊಬ್ಬನಿಂದಲೂ ಅಲ್ಲ. ಆದರೆ ಅವನಿಗೆ ಗೆಲ್ಲುವ, ಸೋಲುವ ಎರಡೂ ಅವಕಾಶ ಸಿಗಲಿಲ್ಲ. ಮಾರನೇ ವರ್ಷ ಅವನು ಪಿಯುಸಿಗೂ ಸೇರಲಿಲ್ಲ.

ಇಲ್ಲಿ ಸರ್‌ಗೆ ಬೈದು ಮುಗಿಸುವುದು ಸುಲಭ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಇಡೀ ಶಾಲೆಗೆ ಒಬ್ಬರೇ ದೈಹಿಕ ಶಿಕ್ಷಕರು. ನಮ್ಮನ್ನು ಮಾಲೂರಿಗೆ ಕರೆದುಕೊಂಡು ಹೋದಾಗ ಟೀ-ಬನ್ನಿನ ದುಡ್ಡು ಅವರ ಜೇಬಿನದು. ಬೆಳಗ್ಗೆ ಬರುವ ಹತ್ತು ಹುಡುಗರನ್ನು ಬಿಟ್ಟರೆ ಅವರಿಗೆ ಬೇರೆ ಆಸ್ತಿ ಇರಲಿಲ್ಲ. ಬರದವನಿಗೆ ಜಾಗ ಕೊಟ್ಟರೆ ನಾಳೆಯಿಂದ ಯಾರು ಬರುತ್ತಾರೆ ಅನ್ನುವ ಭಯ ನಿಜವಾದ ಭಯ. ಕಬಡ್ಡಿಯಲ್ಲಿ ಕೈಕೈ ಹಿಡಿದು ಚೈನ್ ಕಟ್ಟಿ ಆಡುವಾಗ ಪಕ್ಕದವನ ಉಸಿರು ಕೂಡ ಗೊತ್ತಿರಬೇಕು, ಅದು ದಿನಾ ಒಟ್ಟಿಗೆ ಆಡದೆ ಬರುವುದಿಲ್ಲ. ಹಾಗಾಗಿ ನಿಯತ್ತಿಗೆ ಬೆಲೆ ಕೊಡಬಾರದು ಅಂತ ನಾನು ವಾದಿಸುತ್ತಿಲ್ಲ.

ನನ್ನ ತಕರಾರು ಬೇರೆ. ಸರ್ ನಿಯತ್ತು ಅಂತ ಅಳೆದದ್ದು ಏನನ್ನು? ಐದೂವರೆಯ ಹಾಜರಿಯನ್ನು. ನಮ್ಮ ಮನೆಯಲ್ಲಿ ಹಸು ಇರಲಿಲ್ಲ. ಅಮ್ಮ ಎಬ್ಬಿಸಿ ಟೀ ಕೊಟ್ಟು ಕಳಿಸುತ್ತಿದ್ದಳು. ನನ್ನ ಮೂರು ವರ್ಷದ ನಿಯತ್ತಿನಲ್ಲಿ ಅರ್ಧ ಪಾಲು ಅಮ್ಮನದು, ಇನ್ನರ್ಧ ಖಾಲಿ ಕೊಟ್ಟಿಗೆಯದು. ಹಾಲು ಮತ್ತು ರೇಷ್ಮೆಯ ಮೇಲೆ ನಡೆಯುವ ಜಿಲ್ಲೆ ನಮ್ಮದು. ಹುಳು ಹಣ್ಣಾಗುವ ವಾರ ರೇಷ್ಮೆ ಮನೆಯ ಮಕ್ಕಳು ಶಾಲೆಗೇ ಬರುವುದು ಕಷ್ಟ, ಇನ್ನು ಮೈದಾನಕ್ಕೆಲ್ಲಿ ಬಂದಾರು? ಹೆಣ್ಣುಮಕ್ಕಳ ವಿಷಯವಂತೂ ಕೇಳಲೇಬೇಡಿ. ನಸುಕಿನಲ್ಲಿ ಬಸ್ಸಿಲ್ಲ, ಕತ್ತಲಲ್ಲಿ ಒಬ್ಬಳನ್ನೇ ಮನೆಯವರು ಕಳಿಸುವುದಿಲ್ಲ. ಅವರೆಲ್ಲ ಆಟದ ಮೇಲೆ ಪ್ರೀತಿ ಇಲ್ಲದವರಾ? ಬರಲು ಆಗದವನನ್ನೂ ಬರಲು ಮನಸ್ಸಿಲ್ಲದವನನ್ನೂ ಒಂದೇ ಪಟ್ಟಿಗೆ ಸೇರಿಸುವುದು ಅಳತೆಯ ತಪ್ಪು.

ಶಾಲೆಯ ಆಟ ತಾನೇ, ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬಹುದು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ದಾರಿ ಅದು. ಮೇಲಿನ ಮೆಟ್ಟಿಲಲ್ಲಿ ಸಿಗುವ ಸರ್ಟಿಫಿಕೇಟ್ ಸಿಇಟಿ ಕ್ರೀಡಾ ಕೋಟಾಕ್ಕೆ, ಪೊಲೀಸ್ ನೇಮಕಾತಿಗೆ, ರೈಲ್ವೆಗೆ ಬೇಕಾಗುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಮೈದಾನದಿಂದ ಅಲ್ಲಿಗೆ ದಾರಿ ಇದೆ ಅಂತಾಯಿತು. ಆದರೆ ಮೊದಲ ಮೆಟ್ಟಿಲಲ್ಲೇ ಹೆಸರು ಬಿಟ್ಟುಹೋದವರಿಗೆ ಎರಡನೇ ಮೆಟ್ಟಿಲು ಕಾಣುವುದೇ ಇಲ್ಲ. ಆ ಹನ್ನೆರಡು ಹೆಸರಿನ ಚೀಟಿಯನ್ನು ಒಬ್ಬರೇ ಬರೆಯುತ್ತಾರೆ, ಅವರೇ ಕಲಿಸಿದವರು, ಅವರೇ ಆರಿಸುವವರು. ಪಟ್ಟಣದಲ್ಲಿ ಕೋಚಿಂಗ್ ಫೀಸು ತೆಗೆದುಕೊಂಡವರೇ ಆಯ್ಕೆ ಮಾಡುವ ಕುರ್ಚಿಯಲ್ಲೂ ಕೂತರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಮಾಸ್ತಿ ಅಂದ ಕೂಡಲೇ ಎಲ್ಲರೂ ಹೇಳುವುದು ಮಾಸ್ತಿ ವೆಂಕಟೇಶ ಅಯ್ಯಂಗಾರರ ಹೆಸರು, 1983ರ ಜ್ಞಾನಪೀಠ. ಅವರು ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಯೂ ಆಗಿದ್ದರು. 1940ರ ದಶಕದಲ್ಲಿ ಮಂತ್ರಿ ದರ್ಜೆಯ ಹುದ್ದೆಗೆ ತಮ್ಮನ್ನು ಬಿಟ್ಟು ಕಿರಿಯರೊಬ್ಬರನ್ನು ಮೇಲೇರಿಸಿದಾಗ ರಾಜೀನಾಮೆ ಕೊಟ್ಟು ಹೊರಬಂದರು. ಈ ಸಂಗತಿಯನ್ನು ಮೊದಲು ಓದಿದಾಗ ನನಗೆ ಸ್ವಲ್ಪ ಸಮಾಧಾನವೇ ಆಯಿತು. ನೋಡಿ, ಮೊದಲು ಬಂದವರಿಗೆ ಮೊದಲ ಹಕ್ಕು ಅಂತ ನಮ್ಮೂರ ದೊಡ್ಡವರೇ ತೋರಿಸಿಕೊಟ್ಟಿದ್ದಾರಲ್ಲ, ನಾನೂ ಅದೇ ಸಾಲಿನವನು! ಆಮೇಲೆ ಯೋಚಿಸಿದರೆ ಲೆಕ್ಕ ತಾಳೆಯಾಗಲಿಲ್ಲ. ಸರ್ಕಾರಿ ಕೆಲಸದಲ್ಲಿ ಹಿರಿತನ ಅನ್ನುವುದು ಸೇರುವ ದಿನವೇ ಎಲ್ಲರಿಗೂ ಗೊತ್ತಿರುವ ಲೆಕ್ಕ. ನಮ್ಮ ಮೈದಾನದಲ್ಲಿ ಅದು ಗೊತ್ತಾದದ್ದು ಆಟ ಮುಗಿದ ಮೇಲೆ. ಹಾಜರಿಯೇ ಮುಖ್ಯ ಅಂತ ಸರ್ ಜೂನ್‌ನಲ್ಲೇ ಹೇಳಿದ್ದರೆ ಆ ಹುಡುಗ ಮನೆಯಲ್ಲಿ ಏನಾದರೂ ಏರ್ಪಾಟು ಮಾಡಿಕೊಳ್ಳುತ್ತಿದ್ದನೋ ಏನೋ. ಇಲ್ಲ, ಆಗಲ್ಲ ಅಂತಾದರೂ ಹೇಳುತ್ತಿದ್ದ. ಆಟ ನೋಡಿ ಆರಿಸುತ್ತೇವೆ ಅಂತ ಕರೆದು, ಆಡಿಸಿ, ಕೊನೆಗೆ ಹಾಜರಿ ಪುಸ್ತಕ ತೆಗೆದರೆ ಅವನನ್ನು ಕರೆದದ್ದಾದರೂ ಯಾಕೆ? ವಾಕ್-ಇನ್ ಇಂಟರ್‌ವ್ಯೂ ಅಂತ ಬಸ್ ಚಾರ್ಜು ಹಾಕಿಕೊಂಡು ಹೋಗಿ, ಒಳಗೆ ಆಗಲೇ ಆಳು ಗೊತ್ತಾಗಿದೆ ಅಂತ ಗೇಟಿನಲ್ಲಿ ತಿಳಿದು ವಾಪಸ್ ಬಂದವರಿಗೆ ಈ ಹೊಟ್ಟೆಯುರಿ ಅರ್ಥವಾಗುತ್ತದೆ.

ಒಮ್ಮೆ ಹೀಗೆ ನಂಬಿಕೆ ಕೆಟ್ಟರೆ ಆಮೇಲೆ ಕೋರ್ಟಿಗೆ ಹೋದರೂ ಸರಿಮಾಡಲು ಆಗುವುದಿಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ಗೆ ಹೊರಟ ಭಾರತದ ಕಬಡ್ಡಿ ತಂಡಗಳ ಆಯ್ಕೆ ಸರಿಯಾಗಿಲ್ಲ ಅಂತ ಮಾಜಿ ಆಟಗಾರರು ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದರು. ತಂಡ ಹೋಗಿ ಬರಲಿ, ಬಂದ ಮೇಲೆ ಬಿಟ್ಟುಹೋದವರ ಜೊತೆ ಒಂದು ಪಂದ್ಯ ಆಡಿಸಿ ಅಂತ ಕೋರ್ಟು ಹೇಳಿತು. ಜಕಾರ್ತದಲ್ಲಿ ನಮ್ಮ ಪುರುಷರು ಸೆಮಿಫೈನಲ್‌ನಲ್ಲಿ, ಮಹಿಳೆಯರು ಫೈನಲ್‌ನಲ್ಲಿ ಇರಾನ್‌ಗೆ ಸೋತರು. 1990ರಿಂದ ಪ್ರತಿ ಸಲವೂ ಚಿನ್ನ ತರುತ್ತಿದ್ದ ಪುರುಷರ ತಂಡ ಕಂಚಿಗೆ ನಿಂತಿತು. ಸೆಪ್ಟೆಂಬರ್ 15ರಂದು ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ನಿವೃತ್ತ ನ್ಯಾಯಮೂರ್ತಿಯೊಬ್ಬರ ಎದುರು ಆ ಪಂದ್ಯ ಆಗಬೇಕಿತ್ತು. ಬಿಟ್ಟುಹೋದವರು ಬಂದು ಕಾದರು, ಹೋಗಿಬಂದ ತಂಡ ಬರಲಿಲ್ಲ. ಯಾರು ಮೇಲು ಅನ್ನುವುದು ಅವತ್ತೂ ತೀರ್ಮಾನವಾಗಲಿಲ್ಲ.

ಬೇರೆ ಥರದ ಗುರುವೂ ನಮ್ಮ ರಾಜ್ಯದವರೇ ಇದ್ದಾರೆ. ರಾಹುಲ್ ದ್ರಾವಿಡ್ 2015ರಲ್ಲಿ ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡದ ಕೋಚ್ ಆದರು. ಅವರ ಕಾಲದಲ್ಲಿ ಬಂದ ನಿಯಮ, ಒಬ್ಬ ಆಟಗಾರ ಒಂದೇ 19ರ ವಿಶ್ವಕಪ್ ಆಡಬೇಕು ಅನ್ನುವುದು. ವಯಸ್ಸು ಉಳಿದಿದ್ದರೂ ಎರಡನೇ ಸಲ ಇಲ್ಲ, ಆ ಜಾಗ ಇನ್ನೊಬ್ಬನಿಗೆ. ಪಳಗಿದ ಹುಡುಗರನ್ನೇ ಮತ್ತೆ ಕರೆದೊಯ್ದರೆ ಕಪ್ ಗೆಲ್ಲುವುದು ಸುಲಭವಿತ್ತೋ ಏನೋ. ‘ಎ’ ತಂಡದ ಪ್ರವಾಸಕ್ಕೆ ಹೋದವರಲ್ಲಿ ಒಬ್ಬರೂ ಆಡದೆ ವಾಪಸ್ ಬರಬಾರದು ಅನ್ನುವುದೂ ಅವರ ಪದ್ಧತಿಯಾಗಿತ್ತು. ಚಿಕ್ಕ ವಯಸ್ಸಿನಲ್ಲಿ ತಾವೇ ಹಾಗೆ ಪ್ರವಾಸ ಹೋಗಿ ಅವಕಾಶ ಸಿಗದೆ ನೊಂದಿದ್ದನ್ನು ಅವರು ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ನನಗೆ ಇಲ್ಲಿ ಹಿಡಿಸಿದ್ದು ಅವರ ಒಳ್ಳೆಯತನಕ್ಕಿಂತ ಅದರ ಲೆಕ್ಕಾಚಾರ. ಹೊರಡುವ ಮೊದಲೇ ಹುಡುಗರಿಗೆ ಎಲ್ಲ ಗೊತ್ತು. ಕೋಚ್‌ಗೆ ಯಾರ ಮೇಲೆ ಪ್ರೀತಿ ಅಂತ ಹುಡುಕುತ್ತಾ ಕೂರಬೇಕಿಲ್ಲ.

ಬಯಲಲ್ಲಿ ಆಡಿ ಸೋತವರಿಗೆ ಆ ಸೋಲು ಜೀರ್ಣವಾಗುತ್ತದೆ ಅನ್ನುವುದಕ್ಕೂ ಸಾಕ್ಷಿ ಇದೆ. 2019ರಲ್ಲಿ ಒಲಿಂಪಿಕ್ ಅರ್ಹತಾ ಟೂರ್ನಿಯ ತಂಡ ಆರಿಸುವಾಗ ನಿಖತ್ ಜರೀನ್, ಮೇರಿ ಕೋಮ್ ಜೊತೆ ತನಗೆ ಟ್ರಯಲ್ಸ್ ಬೇಕು ಅಂತ ಹಟ ಹಿಡಿದಳು. ಎಷ್ಟು ದೊಡ್ಡವರನ್ನು ಎದುರು ಹಾಕಿಕೊಳ್ಳುತ್ತಿದ್ದಾಳೆ ಅಂತ ಮೂಗು ಮುರಿದವರೂ ಇದ್ದರು. ಡಿಸೆಂಬರ್‌ನಲ್ಲಿ ಟ್ರಯಲ್ಸ್ ನಡೆಯಿತು, 9-1ರಿಂದ ಸೋತಳು. 2022ರಲ್ಲಿ ಅವಳೇ ವಿಶ್ವ ಚಾಂಪಿಯನ್.

ಹಾಗಾದರೆ ನಮ್ಮ ಹೋಬಳಿಯಲ್ಲಿ ಏನು ಮಾಡಬಹುದು? ದುಡ್ಡು ಬೇಕಾದ ಕೆಲಸವೇನೂ ಇಲ್ಲ. ಹಾಜರಿಗೆ ಎಷ್ಟು, ಆಟಕ್ಕೆ ಎಷ್ಟು ಅಂತ ಶಾಲೆ ಶುರುವಾದ ತಿಂಗಳಲ್ಲೇ ನೋಟಿಸ್ ಬೋರ್ಡಿಗೆ ಹಾಕಲಿ. ಬರಲಾಗದವರು ಯಾಕೆ ಅಂತ ಒಮ್ಮೆ ಕೇಳಲಿ. ಹಾಲಿನ ಮನೆಯ ಹುಡುಗನಿಗೆ ಶಾಲೆಯ ಆಟದ ಪೀರಿಯಡ್ಡೇ ಪ್ರಾಕ್ಟೀಸ್ ಅಂತ ಲೆಕ್ಕ ಹಾಕಲು ಸಾಧ್ಯವಿದೆ. ಸೆಲೆಕ್ಷನ್ ದಿನ ಪಕ್ಕದ ಶಾಲೆಯ ಪಿ.ಟಿ. ಮೇಷ್ಟ್ರು ಬಂದು ಕೂರಲಿ, ಅವರ ಶಾಲೆಗೆ ಇವರು ಹೋಗಲಿ. ಮಕ್ಕಳ ಹೆಸರು, ಊರು ಗೊತ್ತಿಲ್ಲದ ಎರಡು ಕಣ್ಣು ಇರುವುದೇ ದೊಡ್ಡ ವಿಷಯ. ಯಾರು ಎಷ್ಟು ಹಿಡಿದರು, ಎಷ್ಟು ಮುಟ್ಟಿ ಬಂದರು ಅಂತ ಬರೆದುಕೊಳ್ಳಲು ಗಾಯವಾಗಿ ಕೂತ ಒಬ್ಬ ಹುಡುಗ ಸಾಕು. ಅಷ್ಟಾದ ಮೇಲೂ ಗುರುಗಳು ಹಳೆಯ ಶಿಷ್ಯನನ್ನೇ ಆರಿಸಲಿ, ಬೇಡ ಅನ್ನುವುದಿಲ್ಲ. ಆದರೆ ಬಿಟ್ಟವನನ್ನು ಪಕ್ಕಕ್ಕೆ ಕರೆದು ಕಾರಣ ಹೇಳಲಿ. ನಮ್ಮ ಸರ್ ಅವನಿಗೆ ಹೇಳಲೇ ಇಲ್ಲ. ಅವರು ಹೇಳಿದ್ದೆಲ್ಲ ನನ್ನ ಹೆಗಲ ಮೇಲೆ ಕೈಯಿಟ್ಟು, ನನಗೆ.

ತಂಡದಲ್ಲಿದ್ದ ನಮ್ಮ ತಪ್ಪೂ ಇದೆ. ಹನ್ನೆರಡು ಜನರಲ್ಲಿ ಒಬ್ಬರಾದರೂ “ಸರ್, ಅವನು ಚೆನ್ನಾಗಿ ಆಡಿದ” ಅನ್ನಬಹುದಿತ್ತು. ಗುರುಗಳಿಗೆ ಎದುರಾಡುವುದು ನಿಯತ್ತಲ್ಲ ಅಂದುಕೊಂಡೆವು. ನಾನಂತೂ ಜೆರ್ಸಿ ಅಳತೆಗೆ ಕೊಡುವ ಗಡಿಬಿಡಿಯಲ್ಲಿದ್ದೆ.

ಈ ವರ್ಷ ಊರ ಹುಡುಗರು ಜಾತ್ರೆಯ ಟೂರ್ನಮೆಂಟ್‌ಗೆ ಒಂದು ಕಬಡ್ಡಿ ತಂಡ ಕಟ್ಟುತ್ತಿದ್ದಾರೆ. ಡಿಗ್ರಿ ಓದಿದ್ದೀಯ, ನೀನೇ ಆರಿಸು ಅಂತ ನನ್ನ ತಲೆಗೆ ಕಟ್ಟಿದರು. ಕಳೆದ ವಾರ ಡೈರಿ ಹತ್ತಿರ ಹೋಗಿ ಅವನನ್ನು ಹಿಡಿದೆ. ಕ್ಯಾನು ಇಳಿಸುತ್ತಿದ್ದ. ಆವತ್ತಿನ ವಿಷಯ ಎತ್ತಿದೆ, “ಗೊತ್ತು ಬಿಡೋ” ಅಂದ. ಆರಿಸೋಕೆ ನನ್ನ ಜೊತೆ ನೀನೂ ಕೂತ್ಕೊ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಏಳು ಗಂಟೆ ಮೇಲೆ ಇಟ್ಕೊಳಿ. ಹಾಲು ಹಾಕೋ ಹುಡುಗರೂ ಬರ್ತಾರೆ” ಅಂದ.

ಬರುವ ಭಾನುವಾರ ಏಳೂವರೆಗೆ ಇಟ್ಟಿದ್ದೇವೆ. ಲೈಟಿಗೆ ಶಾಮಿಯಾನದವರನ್ನು ಕೇಳಿದ್ದೇವೆ.