ಬೆಳಿಗ್ಗೆ ಓಡಿದ ಯಂತ್ರ ಮಧ್ಯಾಹ್ನ ಸೋಲುವುದೇಕೆ?

ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಲ್ಲಿ ಭತ್ತ ಕೊಯ್ಯುವ ಯಂತ್ರವನ್ನು ನೀವು ನೋಡಿರಬಹುದು. ಇಂಥ ಅನೇಕ ಯಂತ್ರಗಳನ್ನು ಮುಂದಕ್ಕೆ ಓಡಿಸುವುದು ಎಣ್ಣೆ! ಎಂಜಿನ್ ಪಂಪನ್ನು ತಿರುಗಿಸುತ್ತದೆ. ಪಂಪು ಒತ್ತಿ ಕಳಿಸಿದ ಎಣ್ಣೆ ಮೋಟಾರನ್ನು ತಿರುಗಿಸುತ್ತದೆ. ಇದೇ ಹೈಡ್ರೋಸ್ಟಾಟಿಕ್ ಚಾಲನೆ.

ಬೆಳಿಗ್ಗೆ ಚೆನ್ನಾಗಿದ್ದ ಯಂತ್ರ ಮಧ್ಯಾಹ್ನ ಬದು ಹತ್ತಲಾರದೆ ನಿಂತರೆ? ಆಲೆಮನೆಯನ್ನು ನೆನೆಯಿರಿ. ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಪಾಕ ಸರಾಗವಾಗಿ ಹರಿಯುತ್ತದೆ, ಆರಿದಂತೆ ಗಟ್ಟಿಯಾಗುತ್ತದೆ. ಎಣ್ಣೆಯೂ ಬಿಸಿಯಾದರೆ ತೆಳುವಾಗುತ್ತದೆ. ಸವೆದ ಪಂಪಿನ ಸಂದುಗಳಲ್ಲಿ ಅದು ಹಿಂದಕ್ಕೆ ಸೋರಿ, ಒತ್ತಡ ಕುಸಿಯುತ್ತದೆ.

ಆದರೆ ದುಬಾರಿ ಪಂಪನ್ನು ಬಿಚ್ಚಿಸುವ ಮೊದಲು ಎಣ್ಣೆಯ ಮಟ್ಟ, ಫಿಲ್ಟರ್, ಬೆಲ್ಟ್, ಹೊಟ್ಟು ಮೆತ್ತಿದ ಕೂಲರ್ ಇವುಗಳನ್ನು ನೋಡಬೇಕು. ಎಣ್ಣೆ ನೊರೆ ಕಟ್ಟಿದ್ದರೆ ಗಾಳಿ ಸೇರಿದೆ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದು ಶಂಕಿಸಬೇಕು.

ಒಂದು ಎಚ್ಚರಿಕೆ. ಸೋರಿಕೆಯನ್ನು ಬೆರಳಿಟ್ಟು ಹುಡುಕಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನೇ ತೂರಿಬಿಡುತ್ತದೆ. ಗಾಯ ಚಿಕ್ಕದೆನಿಸಿದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಸೋರಿಕೆ ಹುಡುಕಲು ರಟ್ಟಿನ ತುಂಡು ಸಾಕು. ಮಕ್ಕಳೇ, ಈ ಮಾತನ್ನು ಇಂದೇ ಮನೆಯಲ್ಲಿ ಹೇಳಿ.