ಹಳೇ ಲಾರಿಗೆ ಡಿಜಿಟಲ್ ಮೀಟರ್: ಮುಳ್ಳು ಕೀಳುವ ಮುಂಚೆ ಯೋಚಿಸಿ

ಹೊಸೂರು, ತಾಳವಾಡಿ ಕಡೆಯ ಎಷ್ಟೋ ಕನ್ನಡ ಮನೆಗಳಲ್ಲಿ ಒಲೆ ಉರಿಯುವುದು ಲಾರಿಯ ದುಡಿಮೆಯಿಂದ. ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಶುರುವಾದದ್ದು 1980ರಲ್ಲಿ. ಟಾಟಾ 407 ರಸ್ತೆಗಿಳಿದದ್ದು 1986ರಲ್ಲಿ. ಅಂಥ ಹಳೇ ಮಾದರಿಯ ಗಾಡಿಗಳನ್ನು ಸಾಕಿಕೊಂಡು ಬಂದವರು ಈಗಲೂ ಇದ್ದಾರೆ. ಇಂಜಿನ್ ಗಟ್ಟಿ, ಆದರೆ ಮೀಟರ್ ಬೋರ್ಡ್ ಅರ್ಧ ಸತ್ತಿರುತ್ತದೆ. ಡೀಸೆಲ್ ಎಷ್ಟಿದೆ ಅಂತ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಬೇಕು. ಆಗ ಅಂಗಡಿಯವನು ಹೇಳುತ್ತಾನೆ: "ಎಲ್ಲಾ ಕಿತ್ತಾಕಿ, ಡಿಜಿಟಲ್ ಹಾಕ್ಸಿ ಸಾರ್."

ಡಿಜಿಟಲ್ ಹಾಕಿಸುವುದು ತಪ್ಪೇನಲ್ಲ. ಇಂಜಿನ್ ಕಾದರೆ ಕೂಗಿ ಎಚ್ಚರಿಸುವ ಬಜರ್ ಇರುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತಿದೆಯೋ ಇಲ್ಲವೋ ಅಂಕಿಯಲ್ಲೇ ಕಾಣುತ್ತದೆ. ಆದರೆ ಅಂದಕ್ಕಾಗಿ ಹಾಕಿಸಿ, ಹಳೆಯದನ್ನೆಲ್ಲ ಗುಜರಿಗೆ ಎಸೆಯುವುದು ತಪ್ಪು. ಮೇಲೆ ಥಳಕು, ಒಳಗೆ ಹುಳುಕು ಆಗಬಾರದು.

ಮೀಟರ್ ಬರೀ ಮುಖ. ಇಂಜಿನ್ನಿನಿಂದ ಸುದ್ದಿ ತರುವುದು ಸೆನ್ಸರ್. ನೀರು ಬಿಸಿಯಾದಂತೆ ಸೆನ್ಸರ್‌ನ ವಿದ್ಯುತ್ ತಡೆ ಕಮ್ಮಿಯಾಗುತ್ತದೆ, ಮೀಟರ್ ಅದನ್ನೇ ಡಿಗ್ರಿಯಾಗಿ ತೋರಿಸುತ್ತದೆ. ಒಂದೊಂದು ಕಂಪನಿಯ ಲೆಕ್ಕ ಒಂದೊಂದು ಥರ. ಹಳೇ ಸೆನ್ಸರ್‌ಗೆ ಹೊಸ ಮೀಟರ್ ಜೋಡಿಸಿದರೆ ಕುದಿಯುವ ಇಂಜಿನ್ ಕೂಡ ತಣ್ಣಗಿದೆ ಅಂತ ತೋರಿಸಬಹುದು. ಮುಳ್ಳು ತಪ್ಪು ತೋರಿಸಿದರೆ ಡ್ರೈವರ್‌ಗೆ ಅನುಮಾನ ಬರುತ್ತದೆ. ಅಂಕಿ ಹೊಳೆಯುತ್ತಿದ್ದರೆ ಯಾರೂ ಅನುಮಾನ ಪಡುವುದಿಲ್ಲ.

ಇನ್ನು ಗಾಳಿ ಮತ್ತು ಆಯಿಲ್. ಹಳೇ ದೊಡ್ಡ ಲಾರಿಗಳಲ್ಲಿ ಸಣ್ಣ ಪೈಪು ನೇರವಾಗಿ ಮೀಟರ್ ಹಿಂಭಾಗಕ್ಕೆ ಬರುತ್ತದೆ, ಒತ್ತಡವೇ ಮುಳ್ಳನ್ನು ಆಡಿಸುತ್ತದೆ. ಅದಕ್ಕೆ ಬ್ಯಾಟರಿ ಬೇಡ, ವೈರ್ ಬೇಡ. ಪೈಪು ಸೋರಬಹುದು ನಿಜ, ಆದರೆ ಸೋರಿದ್ದು ಕಣ್ಣಿಗೆ ಕಾಣುತ್ತದೆ. ತಾಳವಾಡಿಯ ಎಲೆಕೋಸು ಹೇರಿಕೊಂಡು ದಿಂಬಂ ಘಾಟಿಯ 27 ತಿರುವು ಇಳಿಯುವಾಗ ಬ್ರೇಕ್ ಮೇಲೆ ಬ್ರೇಕ್ ಒತ್ತಬೇಕು, ಒತ್ತಿದಷ್ಟೂ ಗಾಳಿ ಖರ್ಚು. ಅಲ್ಲಿ ಒಂದು ಅರ್ತ್ ವೈರ್ ಸಡಿಲವಾಗಿ ಪರದೆ ಆರಿಹೋದರೆ, ಗಾಳಿ ಎಷ್ಟಿದೆ ಅಂತ ಯಾರನ್ನು ಕೇಳೋದು? ಮನೆಯಲ್ಲಿ ಹೆಂಡತಿ ಮಕ್ಕಳು ದಾರಿ ನೋಡುತ್ತಿರುತ್ತಾರೆ.

ನಮ್ಮ ಗಡಿಯ ಡ್ರೈವರುಗಳಿಗೆ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ತಮಿಳು, ಈ ಮೀಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತ. ಮುಳ್ಳು ಕೆಂಪು ಗೆರೆಗೆ ಬಂತು ಅಂದರೆ ಅಕ್ಷರ ಬಾರದವನಿಗೂ ಗೊತ್ತಾಗುತ್ತಿತ್ತು. ಹೊಸ ಸಂಕೇತಗಳ ಅರ್ಥ ಹಾಕುವವನೇ ಹೇಳಿಕೊಡಬೇಕು, ಕನ್ನಡದಲ್ಲಿ ಒಂದು ಚೀಟಿ ಬರೆದು ಬೋರ್ಡಿಗೆ ಅಂಟಿಸಿದರೂ ಸಾಕು.

ಹಾಗಾದರೆ ಏನು ಮಾಡಬೇಕು? ಗಾಡಿ 12 ವೋಲ್ಟೋ 24 ವೋಲ್ಟೋ ಮೊದಲು ನೋಡಿ. 12ರ ಮೀಟರ್‌ಗೆ 24 ಕೊಟ್ಟರೆ ಸುಟ್ಟೇ ಹೋಗುತ್ತದೆ. ಮೀಟರ್ ಜೊತೆಗೇ ಅದರ ಸೆನ್ಸರ್ ಕೊಳ್ಳಿ, ಪ್ರತ್ಯೇಕ ಫ್ಯೂಸ್, ಗಟ್ಟಿ ಅರ್ತ್ ಹಾಕಿಸಿ. ಜೋಡಿಸುವ ಮುಂಚೆ ವೈರ್ ಕೊಟ್ಟು ಟೆಂಪರೇಚರ್ ಸೆನ್ಸರನ್ನು ಕುದಿಯುವ ನೀರಿಗೆ ಹಿಡಿಯಿರಿ. 100ರ ಆಸುಪಾಸು ತೋರಿಸದಿದ್ದರೆ ಅಂಗಡಿಗೆ ವಾಪಸ್ ಕೊಡಿ. ರಾತ್ರಿ ಬೆಳಕು ತಗ್ಗಿಸಲು ಬರುತ್ತದೋ, ಮಧ್ಯಾಹ್ನದ ಬಿಸಿಲಲ್ಲಿ ಅಂಕಿ ಕಾಣುತ್ತದೋ ಪರೀಕ್ಷಿಸಿ. ಗಾಳಿ, ಆಯಿಲ್ ಮುಳ್ಳುಗಳನ್ನು ಮಾತ್ರ ಅಲ್ಲೇ ಬಿಡಿ, ಕೆಟ್ಟಿದ್ದರೆ ರಿಪೇರಿ ಮಾಡಿಸಿ.

ಸ್ಪೀಡೋಮೀಟರ್ ಬದಲಿಸಿದರೆ ಟೈರ್ ಅಳತೆಗೆ ಸರಿಯಾಗಿ ಅದನ್ನು ಹೊಂದಿಸಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಗಾಡಿಯಲ್ಲಿ ಸ್ಪೀಡೋಮೀಟರ್ ಇರಲೇಬೇಕು. ಎಂಟು ವರ್ಷ ದಾಟಿದ ಲಾರಿಗೆ ವರ್ಷ ವರ್ಷ ಎಫ್‌ಸಿ ಬೇರೆ.

ಮಾಲೀಕರಲ್ಲಿ ಒಂದು ಮಾತು. ದುಡ್ಡು ನಿಮ್ಮದು, ಆದರೆ ಆ ಮೀಟರ್ ನೋಡಿಕೊಂಡು ಘಾಟಿ ಇಳಿಯುವವನು ಡ್ರೈವರ್. ಯಾವ ಮೀಟರ್, ಎಲ್ಲಿ ಕೂರಿಸಬೇಕು ಅಂತ ಮೊದಲು ಅವನನ್ನು ಕೇಳಿ. ಹಾಕಿಸಿದ ಮೇಲೆ ಒಂದು ತಿಂಗಳು ಹಳೆಯದು, ಹೊಸದು ಎರಡನ್ನೂ ಓಡಿಸಿ ನೋಡಿ. ಎರಡರ ಲೆಕ್ಕ ತಾಳೆಯಾದ ಮೇಲೇ ಲೋಡ್ ಹೇರಿ ಘಾಟಿಗೆ ಕಳಿಸಿ.