ಗುಜರಿಗೆ ಹಾಕುವ ಮೊದಲು ಲೆಕ್ಕ ಹಾಕಿ

ಮೊನ್ನೆ ಒಂದು ಪೂಜೆಯ ಊಟಕ್ಕೆ ಕುಳಿತಿದ್ದಾಗ ಪಕ್ಕದ ಎಲೆಯವರು ಕೇಳಿದರು, "ಮಾಷ್ಟ್ರೇ, ನಿಮ್ಮ ಆ ಹಳೇ ಪಿಕಪ್ಪನ್ನು ಇನ್ನೂ ಗುಜರಿಗೆ ಕೊಡಲಿಲ್ಲವಾ? ಅದಕ್ಕೆ ಎರಡು ಲಕ್ಷದ ಮೇಲೆ ಸುರಿದಿರಂತೆ! ಅದೇ ದುಡ್ಡನ್ನು ಮುಂಗಡ ಕಟ್ಟಿದ್ದರೆ ಹೊಸತೇ ಬರುತ್ತಿತ್ತಲ್ಲ..." ಪಂಕ್ತಿಯಲ್ಲಿ ನಾಲ್ಕು ಜನ ನಕ್ಕರು. ಪಾಯಸದ ಹೊತ್ತಿಗೆ ಜಗಳ ಬೇಡವೆಂದು ನಾವು ಸುಮ್ಮನಾದೆವು. ಅಲ್ಲಿ ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಎಂದರೆ ಕಾಸರಗೋಡಿನ ಈ ಗಡಿ ಮೂಲೆಯಲ್ಲಿ ಒಂದೇ ತೋಡಿನ ನೀರು ಹಂಚಿಕೊಂಡು ಅಡಿಕೆ ಬೆಳೆಯುವ ಮೂರು ಮನೆಯವರು. ಮೂವರಲ್ಲಿ ಒಬ್ಬರು ಕನ್ನಡ ಶಾಲೆಯಲ್ಲಿ ಪಾಠ ಮಾಡುವವರು, ಹಾಗಾಗಿ ಬರೆಯುವ ಕೆಲಸ ಅವರ ಪಾಲಿಗೆ ಬಂತು. 2005ರ ಮಹೀಂದ್ರ ಪಿಕಪ್ ಒಂದು ಮೂರು ಮನೆಗೂ ಸೇರಿದ್ದು. ಹಟ್ಟಿಗೊಬ್ಬರ, ಮೈಲುತುತ್ತು, ಸುಣ್ಣದ ಚೀಲ, ಅಡಿಕೆ ಮೂಟೆ, ಕೆಂಪುಕಲ್ಲು, ವರ್ಷಕ್ಕೊಮ್ಮೆ ಶಾಲೆಯ ವಾರ್ಷಿಕೋತ್ಸವದ ಬೆಂಚು, ಎಲ್ಲವನ್ನೂ ಹೊರುವುದು ಅದೇ. ವರ್ಷಕ್ಕೆ ಓಡುವುದು ಹೆಚ್ಚೆಂದರೆ 5,000 ಕಿಲೋಮೀಟರ್.

ಕಳೆದ ವರ್ಷ ಅದು ಸುಸ್ತಾಯಿತು. ಬೆಳಿಗ್ಗೆ ಸ್ಟಾರ್ಟ್ ಆಗದು, ಚಡಾವಿನಲ್ಲಿ ಹೊಗೆ, ಪ್ಲಾಟ್‌ಫಾರಮಿನ ತಗಡು ತುಕ್ಕು ಹಿಡಿದು ತೂತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಕೊಟ್ಟು ಹೊಸತು ತೆಗೆಯಿರಿ." ನಾವು ಕೊಡಲಿಲ್ಲ, ರಿಪೇರಿ ಮಾಡಿಸಿದೆವು. ಯಾಕೆ ಎಂಬುದು ಭಾವನೆಯ ಪ್ರಶ್ನೆಯಲ್ಲ ಸ್ವಾಮಿ, ಶುದ್ಧ ಮಗ್ಗಿಯ ಪ್ರಶ್ನೆ!

ಮೊದಲು ನಮ್ಮ ಖರ್ಚು ನೋಡಿ. ಎಂಜಿನ್ ಬಿಚ್ಚಿ ಬೋರಿಂಗ್, ಪಿಸ್ಟನ್, ಬೇರಿಂಗ್, ಹೆಡ್ ಕೆಲಸಕ್ಕೆ 85,000 ರೂಪಾಯಿ. ಡೀಸೆಲ್ ಪಂಪ್ ಮತ್ತು ನಾಝಲ್‌ಗಳಿಗೆ 22,000. ಪ್ಲಾಟ್‌ಫಾರಂ ಮತ್ತು ಕ್ಯಾಬಿನ್ ತಳದ ವೆಲ್ಡಿಂಗಿಗೆ 60,000. ಬ್ರೇಕಿಗೆ 18,000. ಸ್ಪ್ರಿಂಗ್ ಪಟ್ಟಿಗಳಿಗೆ 14,000. ನಾಲ್ಕು ಟಯರಿಗೆ 26,000. ವೈರಿಂಗಿಗೆ 8,000. ಒಟ್ಟು 2,33,000.

ಈಗ ಹೊಸತರ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದದ್ದು ನಿಜ, ಬೆಲೆ ಇಳಿದದ್ದೂ ನಿಜ. ಆದರೂ ಮುಂಗಡ ಕಟ್ಟಿದ ಮೇಲೆ 8 ಲಕ್ಷ ಸಾಲ ಉಳಿಯಿತು ಎಂದುಕೊಳ್ಳಿ. ಶೇ. 11ರ ಬಡ್ಡಿ, 5 ವರ್ಷದ ಅವಧಿ. ತಿಂಗಳ ಕಂತು ಸುಮಾರು 17,400 ರೂಪಾಯಿ. 60 ಕಂತು ಮುಗಿಯುವಾಗ ಕೊಟ್ಟದ್ದು 10 ಲಕ್ಷ 44 ಸಾವಿರ. ಅಂದರೆ ಬರೇ ಬಡ್ಡಿಯೇ 2 ಲಕ್ಷ 44 ಸಾವಿರ. ನಮ್ಮ ಗಾಡಿಯ ಇಡೀ ರಿಪೇರಿಗಿಂತ ಹೆಚ್ಚು! ಪಕ್ಕದ ಎಲೆಯವರೇ, ನೀವು ಹೇಳಿದ ಮುಂಗಡದ ಹಿಂದೆ ಈ 60 ತಿಂಗಳು ನಿಂತಿರುವುದು ಪಾಯಸದ ಭರದಲ್ಲಿ ಕಾಣಲಿಲ್ಲವೇ?

ಹೊಸ ಗಾಡಿ ಸಂಪಾದಿಸಿ ಕೊಡುತ್ತದೆ ಎನ್ನುವಿರಿ. ದಿನವೂ ಬಾಡಿಗೆ ಇರುವವನಿಗೆ ಹೌದು. ಆದರೆ ಅಡಿಕೆ ತೋಟ ತಿಂಗಳ ಸಂಬಳ ಕೊಡುವುದಿಲ್ಲ. ಕಂತಿಗೆ ಪ್ರತಿ ತಿಂಗಳೂ ತಾರೀಕು ಇದೆ, ಅಡಿಕೆಗೆ ಇಲ್ಲ. ಆಷಾಢದ ಮಳೆ ಬಿಡದೆ ಸುರಿದು ಬೋರ್ಡೋ ಸಿಂಪಡಣೆ ಒಂದು ಸುತ್ತು ತಪ್ಪಿದರೆ ಕೊಳೆರೋಗ ಗೊನೆಗೊನೆಯನ್ನೇ ಉದುರಿಸುತ್ತದೆ. ನಮ್ಮ ಶಾಲೆಯಲ್ಲೇ ಕಲಿತ ಹುಡುಗನೊಬ್ಬ ಹೊಸ ಪಿಕಪ್ ತಂದು, ಗಾಜಿನ ಮೇಲೆ ಅಮ್ಮನ ಹೆಸರು ಬರೆಸಿ, ಶಾಲೆಯ ಮಕ್ಕಳಿಗೆಲ್ಲ ಲಾಡು ಹಂಚಿದ್ದ. ಎರಡನೆಯ ಮಳೆಗಾಲದಲ್ಲಿ ಕೊಳೆ ಬಂತು, ನಾಲ್ಕು ಕಂತು ಬಾಕಿಯಾಯಿತು. ಸಾಲ ಕೊಟ್ಟವರ ಕಡೆಯ ಜನ ಬಂದು ಬೆಳ್ಳಂಬೆಳಿಗ್ಗೆ ಗಾಡಿ ಕೊಂಡುಹೋದರು. ಅವನು ಕಟ್ಟಿದ್ದ ಮುಂಗಡವೂ ಹೋಯಿತು, ಕಂತುಗಳೂ ಹೋದವು, ಅಮ್ಮನ ಹೆಸರೂ ಹೋಯಿತು. ತಮಾಷೆಯೆಂದರೆ, ಹೊಸತಿನ ಮುಂಗಡಕ್ಕಾಗಿ ಅವನು ಮಾರಿದ ಅಪ್ಪನ ಹಳೇ ಪಿಕಪ್ ಇಂದಿಗೂ ಪಕ್ಕದ ಊರಿನಲ್ಲಿ ಕಲ್ಲು ಹೊರುತ್ತಿದೆ. ಅದು ಎದುರು ಬಂದಾಗ ಅವನು ಮುಖ ಆಚೆ ತಿರುಗಿಸುತ್ತಾನೆ. ನಮಗೆ ನಗು ಬರುವುದಿಲ್ಲ.

ಇನ್ನೊಂದು ವಿಷಯ ಷೋರೂಮಿನಲ್ಲಿ ಕೇಳಿದರೆ ಮಾತ್ರ ಹೇಳುತ್ತಾರೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್.-6 ನಿಯಮ ಬಂತು. ಹೊಸ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಸೋಸುಕ, ಡಿ.ಪಿ.ಎಫ್., ಇರುತ್ತದೆ. ಅದರಲ್ಲಿ ತುಂಬಿದ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು, ಬಿಸಿಯಾಗಬೇಕಾದರೆ ಗಾಡಿ ಒಂದೇ ಸಮನೆ ಸ್ವಲ್ಪ ದೂರ ಓಡಬೇಕು. ನಮ್ಮ ಓಟವೋ? ಮನೆಯಿಂದ ಸೊಸೈಟಿಗೆ 4 ಕಿಲೋಮೀಟರ್, ತೋಟದಿಂದ ಅಂಗಳಕ್ಕೆ ಅರ್ಧ. ಎಂಜಿನ್ ಬಿಸಿಯಾಗುವುದರೊಳಗೆ ಆಫ್! ಇಂಥ ಓಟದಲ್ಲಿ ಆ ಸೋಸುಕ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆಮೇಲೆ ಕಂಪ್ಯೂಟರ್ ಜೋಡಿಸಿ ನೋಡುವವರಲ್ಲಿಗೇ ಹೋಗಬೇಕು. ಹೆದ್ದಾರಿಯಲ್ಲಿ ದಿನವೂ ನೂರಿನ್ನೂರು ಕಿಲೋಮೀಟರ್ ಓಡಿಸುವವನಿಗೆ ಈ ತಾಪತ್ರಯ ಕಡಿಮೆ. ನಮ್ಮಂಥವರಿಗೆ ಹೆಚ್ಚು.

ಹಾಗೆಂದು ಹೊಸತರ ಗುಣವನ್ನು ಮುಚ್ಚಿಡಬೇಕಿಲ್ಲ. ಹೊಗೆಯ ವಿಷಯದಲ್ಲಿ 2005ರ ಎಂಜಿನ್ ಬಿ.ಎಸ್.-6ರ ಎದುರು ನಿಲ್ಲಲಾರದು. ಶಾಲೆಯ ಗೇಟಿನ ಮುಂದೆ ಕಪ್ಪು ಹೊಗೆ ಬಿಟ್ಟು ಹೋಗುವ ಗಾಡಿಯನ್ನು ಸಮರ್ಥಿಸಲು ನಮ್ಮಲ್ಲಿ ಯಾವ ವಾದವೂ ಇಲ್ಲ. ಆದರೆ ಕಪ್ಪು ಹೊಗೆ ವಯಸ್ಸಿನ ಲಕ್ಷಣ ಎಂದು ಒಪ್ಪಿಕೊಂಡು ಸುಮ್ಮನಿರುವುದು ಸೋಮಾರಿತನ. ಬಹಳಷ್ಟು ಸಲ ಅದು ನಾಝಲ್, ಪಂಪ್, ಏರ್ ಫಿಲ್ಟರಿನ ರೋಗ. ಪಂಪನ್ನು ಬೆಂಚಿನ ಮೇಲಿಟ್ಟು ಸರಿಯಾಗಿ ಹೊಂದಿಸಿದ ಮೇಲೆ ನಮ್ಮ ಗಾಡಿಯ ಚಡಾವಿನ ಹೊಗೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಅದಕ್ಕೇ ಹೇಳುವುದು, ಪೇಟೆಯಲ್ಲಿ ದಿನವಿಡೀ ಬಾಡಿಗೆ ಓಡಿಸುವವರು ಹೊಸತನ್ನೇ ಕೊಳ್ಳಲಿ. ಅವರ ಲೆಕ್ಕ ಬೇರೆ, ಊರಿನ ಶ್ವಾಸಕೋಶದ ಲೆಕ್ಕವೂ ಬೇರೆ.

ಸುರಕ್ಷತೆಯಲ್ಲೂ ಹಳತು ಹಿಂದೆಯೇ. ಏರ್‌ಬ್ಯಾಗ್ ಇಲ್ಲ, ಎ.ಬಿ.ಎಸ್. ಇಲ್ಲ. ಆದುದರಿಂದ ನಮ್ಮ ಮೂರು ಮನೆಯ ಕಟ್ಟುಪಾಡು: ಹಿಂದೆ ಆಳುಗಳನ್ನು ನಿಲ್ಲಿಸಿ ಕರೆದುಕೊಂಡು ಹೋಗುವುದಿಲ್ಲ, ಕೆಂಪುಕಲ್ಲು ಲೆಕ್ಕಕ್ಕಿಂತ ಒಂದೂ ಹೆಚ್ಚು ಹೇರುವುದಿಲ್ಲ, ಬ್ರೇಕ್ ಸರಿಯಿಲ್ಲದಿದ್ದರೆ ಅಂಗಳ ದಾಟುವುದಿಲ್ಲ.

ಇಲ್ಲಿ ನಮ್ಮ ಪಕ್ಷದವರಿಗೂ ಎರಡು ಮಾತು ಹೇಳಬೇಕು. ಹಳೇ ಗಾಡಿ ಉಳಿಸುತ್ತೇವೆ ಎನ್ನುತ್ತಾ ಮೊದಲು ಪೇಂಟ್ ಅಂಗಡಿಗೆ ಓಡುವ ಜನ ನಮ್ಮ ಸುತ್ತಮುತ್ತ ಬೇಕಾದಷ್ಟಿದ್ದಾರೆ. ದೊಡ್ಡ ಟಯರು, ಮುಂದೆ ಕಬ್ಬಿಣದ ಗಾರ್ಡು, ತಲೆಯ ಮೇಲೆ ಸಾಲು ದೀಪ, ಊರನ್ನೇ ಎಬ್ಬಿಸುವ ಹಾರ್ನ್! ಕೆಳಗೆ ಬಗ್ಗಿ ನೋಡಿದರೆ ಬ್ರೇಕ್ ಪೈಪು ತುಕ್ಕು. ಇದು ದುರಸ್ತಿ ಅಲ್ಲ, ಹೆಣಕ್ಕೆ ಸಿಂಗಾರ. ಕಾನೂನೂ ಅವರ ಜತೆಗಿಲ್ಲ. ಕಂಪೆನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯ ರಚನೆ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೇರಳದಿಂದ ಹೋದ ಪ್ರಕರಣದಲ್ಲೇ. ನಮ್ಮ ಕ್ರಮ ಸರಳ: ಮೊದಲು ಬ್ರೇಕ್, ಆಮೇಲೆ ಸ್ಟಿಯರಿಂಗ್, ಆಮೇಲೆ ಎಂಜಿನ್, ತುಕ್ಕು, ಟಯರು. ದುಡ್ಡು ಉಳಿದರೆ ಪೇಂಟ್. ನಮಗೆ ಉಳಿಯಲಿಲ್ಲ, ಹಾಗಾಗಿ ಗಾಡಿ ಇನ್ನೂ ಎರಡು ಬಣ್ಣದಲ್ಲಿದೆ.

ಎಲ್ಲ ಹಳತನ್ನೂ ಉಳಿಸಬೇಕು ಎಂದೂ ನಾವು ಹೇಳುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು, ಸಮುದ್ರವೂ ದೂರವಿಲ್ಲ. ಒಂದು ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಮಲಗಿ. ಸ್ಪ್ರಿಂಗ್ ಚಾಸಿಸ್ಸಿಗೆ ಕೂರುವ ಜಾಗದಲ್ಲಿ ಚುಚ್ಚಿ ನೋಡಿ. ಒಳಗೆ ಹೋಯಿತೋ, ಅಲ್ಲಿಗೆ ಮುಗಿಯಿತು. ಎಂಜಿನ್ ಎಷ್ಟೇ ಚೆನ್ನಾಗಿರಲಿ, ಅದನ್ನು ಸರಕಾರ ನೋಂದಾಯಿಸಿದ ಗುಜರಿ ಕೇಂದ್ರಕ್ಕೇ ಕೊಡಿ. 2021ರ ನಿಯಮದಂತೆ ಅಲ್ಲಿ ಸಿಗುವ ಸರ್ಟಿಫಿಕೇಟಿನ ಮೇಲೆ ಹೊಸ ಸರಕು ಗಾಡಿಯ ರಸ್ತೆ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿಗೆ ಅವಕಾಶವಿದೆ.

ಗಡಿಯವರಿಗೆ ಒಂದು ವಿಶೇಷ ಎಚ್ಚರಿಕೆ. ಪುತ್ತೂರು, ಸುಳ್ಯ ಕಡೆ ಅಗ್ಗಕ್ಕೆ ಸಿಕ್ಕಿತೆಂದು ಕೆ.ಎ.-21 ಗಾಡಿ ತಂದು ಹಾಗೇ ಓಡಿಸಬೇಡಿ. ಇನ್ನೊಂದು ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿಂದ ಎನ್.ಒ.ಸಿ., ಇಲ್ಲಿ ತೆರಿಗೆ. 8 ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್.ಸಿ. ಬೇರೆ. ಹಳತರ ಮೇಲಿನ ಶುಲ್ಕಗಳೂ ಏರಿವೆ: 15 ವರ್ಷ ದಾಟಿದ ಖಾಸಗಿ ಕಾರಿನ ನವೀಕರಣ 2022ರ ಏಪ್ರಿಲ್ 1ರಂದು 600 ರೂಪಾಯಿಯಿಂದ 5,000ಕ್ಕೆ ಜಿಗಿಯಿತು, ದೊಡ್ಡ ಲಾರಿಯ ಎಫ್.ಸಿ. 1,500ರಿಂದ 12,500ಕ್ಕೆ. ರಿಪೇರಿಯ ಲೆಕ್ಕಕ್ಕೆ ಇದನ್ನೂ ಸೇರಿಸಿಯೇ ಕೂಡಿಸಿ. ನಾವೂ ಸೇರಿಸಿದೆವು, ಆದರೂ ಒಂದು ವರ್ಷದ ಕಂತಿನ ಹತ್ತಿರಕ್ಕೂ ಅದು ಬರಲಿಲ್ಲ. ಹಾಗೆಯೇ, ಹತ್ತು ವರ್ಷವಾದ ಡೀಸೆಲ್ ಗಾಡಿಗೆ ನಿಷೇಧ ಎಂದು ಹೆದರಿಸುವ ದಲ್ಲಾಳಿಗಳನ್ನು ನಂಬಬೇಡಿ. 2015ರಲ್ಲಿ ಹಸಿರು ನ್ಯಾಯಮಂಡಳಿ ಕೊಟ್ಟ ಆ ಆದೇಶ ದೆಹಲಿ ವಲಯದ್ದು. ಕಾಸರಗೋಡು ದೆಹಲಿಯಲ್ಲಿಲ್ಲ!

ಕೊನೆಗೆ ನಮ್ಮ ಮೆಕ್ಯಾನಿಕ್ ವಿಷಯ. ಇವನೂ ನಮ್ಮ ಶಾಲೆಯವನೇ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತ್ತು. ಇಂದು ಅವನು ಎಂಜಿನ್ ಶಬ್ದ ಕೇಳಿಯೇ ಯಾವ ನಾಝಲ್ ಸರಿಯಿಲ್ಲ ಎನ್ನುತ್ತಾನೆ, ವಾಲ್ವಿನ ಎಡೆಯನ್ನು ಗೇಜ್ ಇಟ್ಟು ಕೂದಲೆಳೆಯಷ್ಟಕ್ಕೆ ಹೊಂದಿಸುತ್ತಾನೆ. ಅವನ ಬಾಯಲ್ಲಿ ಡೀಸೆಲ್ ಪಂಪ್ ಎಂದರೆ ಈಗಲೂ 'ಮೈಕೋ ಪಂಪ್'. ಬೆಂಗಳೂರಿನ ಆಡುಗೋಡಿಯ ಆ ಕಂಪೆನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿದೆ, ಗ್ಯಾರೇಜಿಗೆ ಆ ಸುದ್ದಿ ಬೇಕಿಲ್ಲ. ನಮ್ಮ 2,33,000ದಲ್ಲಿ ಅವನ ಮತ್ತು ವೆಲ್ಡಿಂಗಿನವನ ಕೂಲಿ ಈ ಊರಿನಲ್ಲೇ ಉಳಿಯಿತು. ಬಡ್ಡಿಯ 2,44,000 ಎಲ್ಲಿಗೆ ಹೋಗುತ್ತಿತ್ತು, ನೀವೇ ಹೇಳಿ. ಎಲ್ಲರೂ ಹೊಸತು ಕೊಂಡರೆ ಅವನ ಷಟರ್ ಬೀಳುತ್ತದೆ. ಆಮೇಲೆ ಮಳೆಗಾಲದ ರಾತ್ರಿ ಗುಡ್ಡದ ನಡುವೆ ಗಾಡಿ ನಿಂತರೆ ಟಾರ್ಚು ಹಿಡಿದು ಬರುವವರು ಯಾರು?

ಆದುದರಿಂದ ಗಾಡಿಯ ವಯಸ್ಸನ್ನು ಕೇಳಬೇಡಿ. ಅದರ ಚಾಸಿಸ್ಸನ್ನು ಕೇಳಿ, ನಿಮ್ಮ ವರ್ಷದ ಕಿಲೋಮೀಟರ್ ಕೇಳಿ, ನಿಮ್ಮ ತೋಟದ ಆದಾಯ ಯಾವ ತಿಂಗಳು ಬರುತ್ತದೆ ಎಂದು ಕೇಳಿ. ಮೂರಕ್ಕೂ ಉತ್ತರ ಬರೆದುಕೊಂಡು ಆಮೇಲೆ ಷೋರೂಮಿಗಾದರೂ ಹೋಗಿ, ಗ್ಯಾರೇಜಿಗಾದರೂ ಹೋಗಿ. ಬರೇ ನೆರೆಮನೆಯ ಅಂಗಳ ನೋಡಿ ಹೋಗಬೇಡಿ.

ಮುಂದಿನ ಪೂಜೆಗೆ ಪಾತ್ರೆ, ಅಕ್ಕಿ, ಬಾಳೆಎಲೆ ತರಲು ಪಿಕಪ್ ಬೇಕೆಂದು ಪಕ್ಕದ ಎಲೆಯವರೇ ಹೇಳಿಕಳಿಸಿದ್ದಾರೆ. ಕಳಿಸುತ್ತೇವೆ. ಡೀಸೆಲ್ ಮಾತ್ರ ಅವರದ್ದು!